ಆಕಾಶದಲ್ಲಿ ನೆಡಲಾಗದ ವೀರಗಲ್ಲು

(ಹಾಲ್ಕುರಿಕೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ವೀರಗಲ್ಲು ಹೊಸದಲ್ಲ. ಕೆರೆ ಏರಿಯ ಬಳಿ, ಹಳೆಯ ಗುಡಿಯ ಪಕ್ಕ, ಒಮ್ಮೊಮ್ಮೆ ತೋಟದ ಬದುವಿನಲ್ಲೂ ಅಂಥ ಕಲ್ಲು ನಿಂತಿರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನದರಲ್ಲಿ ಮಡಿದ ವೀರನನ್ನು ಅಪ್ಸರೆಯರು ಕರೆದೊಯ್ಯುವ ನೋಟ. ಮೇಲಿನದರಲ್ಲಿ ಅವನು ದೇವಸನ್ನಿಧಿಯಲ್ಲಿ ಕುಳಿತ ಚಿತ್ರ. ಬರಹವಿದ್ದರೆ ಇಂಥ ಅರಸನ ಕಾಲದಲ್ಲಿ, ಇಂಥವನ ಮಗ ಇಂಥವನು ತುರು ಮರಳಿಸಲು, ಊರು ಕಾಯಲು, ಹೆಣ್ಣುಮಕ್ಕಳ ಮಾನ ಉಳಿಸಲು ಕಾದಿ ಸತ್ತನೆಂಬ ಮಾತಿರುತ್ತದೆ.

ಇದನ್ನು ಸ್ಮಾರಕವೆಂದು ಮಾತ್ರ ನೋಡಿದರೆ ಅರ್ಧ ನೋಡಿದಂತೆ. ವೀರಗಲ್ಲು ಒಂದು ಸಾಕ್ಷಿಪತ್ರವೂ ಹೌದು. ಊರಿನ ಜನ ಕಣ್ಣಾರೆ ಕಂಡದ್ದನ್ನು ಕಲ್ಲಿನಲ್ಲಿ ಕೊರೆಸಿ, ಮುಂದೆ ಯಾರೂ ಇಲ್ಲವೆನ್ನದಂತೆ ಮಾಡಿದರು. ಅಲ್ಲಿ ಹೋರಾಟ ನಡೆದದ್ದು ನೆಲದ ಮೇಲೆ, ಹತ್ತಾರು ಜನರ ಎದುರಿಗೆ. ಆದರೆ ಕಾಳಗ ನಡೆದದ್ದು ಆಕಾಶದಲ್ಲಿ, ಅದೂ ಶತ್ರುದೇಶದ ಆಕಾಶದಲ್ಲಿ, ನೋಡುವವರು ಯಾರೂ ಇಲ್ಲದೆಡೆಯಲ್ಲಿ ಎಂದಾದರೆ ಸಾಕ್ಷಿ ಹೇಳುವವರು ಯಾರು? ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಕಥೆ ಈ ಪ್ರಶ್ನೆಯ ಸುತ್ತ ಸುತ್ತುತ್ತದೆ. ಅವರು ಮಡಿದದ್ದು 1965ರಲ್ಲಿ. ಅವರು ಮಾಡಿದ್ದೇನೆಂದು ಅವರದೇ ದೇಶ ಒಪ್ಪಿ ಮಹಾವೀರ ಚಕ್ರ ನೀಡಿದ್ದು 1988ರಲ್ಲಿ. ನಡುವೆ 23 ವರ್ಷ.

ಆಕಾಶಕ್ಕೂ ಬೇಲಿ

ದೇವಯ್ಯನವರ ಬದುಕಿಗೆ ಬರುವ ಮೊದಲು ಒಂದು ಹಳೆಯ ಸಂಗತಿಯನ್ನು ನೆನೆಯಬೇಕು. ಯುದ್ಧವಿಮಾನ ಹಾರಿಸುವ ಹಕ್ಕು ಎಲ್ಲರಿಗೂ ಸುಲಭವಾಗಿ ಸಿಕ್ಕದ್ದಲ್ಲ. ವಿಮಾನ ಹೊಸದಾಗಿ ಯುದ್ಧಕ್ಕೆ ಇಳಿದ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅದನ್ನು ನಡೆಸುವ ಚಾಕಚಕ್ಯತೆ ಬಿಳಿಯರಿಗೆ ಮಾತ್ರ ಇದೆಯೆಂಬ ನಂಬಿಕೆ ಬಲವಾಗಿತ್ತು. ಮೈಬಣ್ಣ ನೋಡಿಯೇ ಬಾಗಿಲು ತೆರೆಯುತ್ತಿತ್ತು, ಇಲ್ಲವೇ ಮುಚ್ಚುತ್ತಿತ್ತು.

ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಹರ್ದಿತ್ ಸಿಂಗ್ ಮಲಿಕ್ ಎಂಬ ಸಿಖ್ ತರುಣನಿಗೆ ಬ್ರಿಟಿಷರ ವಾಯುದಳದಲ್ಲಿ ಮೊದಲು ಜಾಗ ಸಿಗಲಿಲ್ಲ. ಆತ ಫ್ರಾನ್ಸಿಗೆ ಹೋಗಿ ಗಾಯಾಳುಗಳ ವಾಹನ ಓಡಿಸಿದ. ಬಳಿಕ ಫ್ರೆಂಚ್ ವಾಯುದಳ ಸೇರಲು ಹೊರಟ. ಪರದೇಶದವರು ತೆಗೆದುಕೊಳ್ಳಲು ಒಪ್ಪುವ ಯುವಕನನ್ನು ನಾವೇ ದೂರವಿಡುವುದು ನಾಚಿಕೆಗೇಡೆಂದು ಅವನ ಗುರುಗಳು ಮೇಲಿನವರಿಗೆ ಬರೆದ ಮೇಲೆ 1917ರಲ್ಲಿ ಬಾಗಿಲು ತೆರೆಯಿತು. ಅವನ ಹಿಂದೆಯೇ ಬಂದ ಇಂದ್ರಲಾಲ್ ರಾಯ್ 1918ರ ಜುಲೈನಲ್ಲಿ ಎರಡು ವಾರ ತುಂಬುವುದರೊಳಗೆ 10 ವಿಜಯಗಳನ್ನು ಗಳಿಸಿ, ಅದೇ ತಿಂಗಳು ಕಾಳಗದಲ್ಲಿ ಮಡಿದ. ಆಗ ಅವನ ವಯಸ್ಸು ಬರೀ 19.

ಅದೇ ಫ್ರಾನ್ಸಿನ ಬಾಗಿಲನ್ನು ತಟ್ಟಿದ ಇನ್ನೊಬ್ಬನಿದ್ದ. ಅಮೆರಿಕದ ಜಾರ್ಜಿಯಾ ಪ್ರಾಂತದಲ್ಲಿ 1895ರಲ್ಲಿ ಹುಟ್ಟಿದ ಯೂಜೀನ್ ಬುಲ್ಲಾರ್ಡ್, ಗುಲಾಮಗಿರಿಯ ನೆನಪು ಇನ್ನೂ ಹಸಿಯಾಗಿದ್ದ ಕಪ್ಪು ಜನಾಂಗದ ಮನೆಯ ಹುಡುಗ. ಹದಿಹರೆಯದಲ್ಲೇ ಹಡಗಿನಲ್ಲಿ ಅಡಗಿ ಕುಳಿತು ಯೂರೋಪು ಸೇರಿದ. ಮುಷ್ಟಿಯುದ್ಧ ಮಾಡಿ ಹೊಟ್ಟೆ ಹೊರೆದ. 1914ರಲ್ಲಿ ಫ್ರೆಂಚ್ ಸೇನೆಗೆ ಸೇರಿ ವೆರ್ಡನ್ನಿನಲ್ಲಿ ಗಾಯಗೊಂಡ. 1917ರಲ್ಲಿ ಪೈಲಟ್ ಆಗಿ ಫ್ರಾನ್ಸಿನ ಪರವಾಗಿ ಯುದ್ಧವಿಮಾನ ಹಾರಿಸಿದ. ಎರಡು ಶತ್ರುವಿಮಾನಗಳನ್ನು ಕೆಡವಿದೆನೆಂದು ಆತ ಹೇಳಿದನಾದರೂ ಖಚಿತಪಡಿಸುವ ಸಾಕ್ಷಿಯಿಲ್ಲದೆ ಅದು ಲೆಕ್ಕಕ್ಕೆ ಬರಲಿಲ್ಲ. ಅಮೆರಿಕ ಯುದ್ಧಕ್ಕಿಳಿದಾಗ ತನ್ನ ದೇಶದ ವಾಯುದಳಕ್ಕೆ ಅರ್ಜಿ ಹಾಕಿದ. ಫ್ರಾನ್ಸಿನಲ್ಲಿ ಹಾರುತ್ತಿದ್ದ ಬಿಳಿಯ ಅಮೆರಿಕನ್ನರಿಗೆ ಅಲ್ಲಿ ಜಾಗ ದೊರೆಯಿತು, ಇವನಿಗೆ ದೊರೆಯಲಿಲ್ಲ.

ಭಾರತದಲ್ಲಿ ಬೇಲಿ ಸಡಿಲವಾದದ್ದು 1932ರಲ್ಲಿ. ಆ ವರ್ಷದ ಅಕ್ಟೋಬರ್ 8ರಂದು ಭಾರತೀಯ ವಾಯುದಳ ಸ್ಥಾಪನೆಯಾಯಿತು. ಬೆರಳೆಣಿಕೆಯ ಭಾರತೀಯ ತರುಣರು ಇಂಗ್ಲೆಂಡಿನ ಕ್ರಾನ್‌ವೆಲ್ಲಿನಲ್ಲಿ ತರಬೇತಾಗಿ ಬಂದರು. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ನಾಲ್ಕು ವಪಿಟಿ ವಿಮಾನಗಳೊಂದಿಗೆ ಒಂದನೇ ಸ್ಕ್ವಾಡ್ರನ್ ಆರಂಭವಾಯಿತು. ಮೊದಲ ತಂಡದ ಆ ಪೈಲಟ್‌ಗಳಲ್ಲಿ ಒಬ್ಬರಾದ ಸುಬ್ರತೊ ಮುಖರ್ಜಿ 1954ರಲ್ಲಿ ವಾಯುದಳದ ಮೊದಲ ಭಾರತೀಯ ಮುಖ್ಯಸ್ಥರಾದರು.

ಅಜ್ಜಮಾಡ ಮನೆತನದ ಕುಡಿ

ವಾಯುದಳ ಹುಟ್ಟಿದ ಆ 1932ರ ಡಿಸೆಂಬರ್ 24ರಂದು ದೇವಯ್ಯ ಹುಟ್ಟಿದರು. ಕೊಡವರ ಹೆಸರಿನಲ್ಲಿ ಮೊದಲು ಬರುವುದು ಒಕ್ಕದ ಹೆಸರು, ಅಂದರೆ ಮೂಲಮನೆತನದ್ದು. ಹಾಗಾಗಿ ಅಜ್ಜಮಾಡ ಎಂಬುದು ಒಕ್ಕ, ಬೋಪಯ್ಯ ತಂದೆ, ದೇವಯ್ಯ ಸ್ವಂತ ಹೆಸರು. ತಂದೆ ವೈದ್ಯರು.

ಕೊಡಗಿನಲ್ಲಿ ಸೈನ್ಯಕ್ಕೆ ಸೇರುವುದು ಮನೆತನದ ರೂಢಿಯಂತೆಯೇ ನಡೆದು ಬಂದಿದೆ. 1949ರ ಜನವರಿ 15ರಂದು ಭಾರತದ ಭೂಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕೆ.ಎಂ. ಕಾರ್ಯಪ್ಪ ಅಲ್ಲಿಯವರು. 1957ರಲ್ಲಿ ಸೇನಾ ಮುಖ್ಯಸ್ಥರಾದ ತಿಮ್ಮಯ್ಯ ಅಲ್ಲಿಯವರು. ದೇವಯ್ಯ ಮಾತ್ರ ನೆಲ ಬಿಟ್ಟು ಆಕಾಶ ಆರಿಸಿಕೊಂಡರು. 1954ರ ಡಿಸೆಂಬರಿನಲ್ಲಿ ಪೈಲಟ್ ಆಗಿ ವಾಯುದಳಕ್ಕೆ ಸೇರಿದರು. ಕೊಡಗು ಆಗಿನ್ನೂ ಮೈಸೂರಿಗೆ ಸೇರಿರದೆ ಪುಟ್ಟ ಪ್ರತ್ಯೇಕ ರಾಜ್ಯವಾಗಿತ್ತು.

ಹೊಸಬರಿಗೆ ಹಾರಾಟ ಕಲಿಸುವ ಶಿಕ್ಷಕರಾಗಿ ಅವರು ಹೆಸರು ಮಾಡಿದರು. ಈ ಮಾತಿಗೆ ಸ್ವಲ್ಪ ಗಮನ ಕೊಡಬೇಕು. ವಾಯುದಳದಲ್ಲಿ ಶಿಕ್ಷಕನಾಗುವುದೆಂದರೆ ಪಕ್ಕಕ್ಕೆ ಸರಿದಂತಲ್ಲ. ಕಲಿಯುವವನು ಮಾಡುವ ತಪ್ಪನ್ನು ಅರೆಗಳಿಗೆಯಲ್ಲಿ ಗುರುತಿಸಿ, ತನ್ನ ಕೈಯಿಂದ ಸರಿಪಡಿಸಿ, ಇಬ್ಬರ ಜೀವವನ್ನೂ ಉಳಿಸಬೇಕಾದವನು ಅವನು. ವಿಮಾನ ಯಾವ ವೇಗದಲ್ಲಿ ಎಷ್ಟು ತಿರುಗೀತು, ಎಲ್ಲಿ ಕೈಕೊಟ್ಟೀತು ಎಂಬ ಲೆಕ್ಕ ಅವನಿಗೆ ಕರಗತವಾಗಿರುತ್ತದೆ. 1965ರಲ್ಲಿ ಯುದ್ಧದ ಮೋಡ ಕವಿದಾಗ ದೇವಯ್ಯನವರು ಪಂಜಾಬಿನ ಆದಂಪುರದಲ್ಲಿದ್ದ ಒಂದನೇ ಸ್ಕ್ವಾಡ್ರನ್‌ಗೆ, ಅಂದರೆ 1933ರಲ್ಲಿ ನಾಲ್ಕು ವಪಿಟಿಗಳೊಂದಿಗೆ ಆರಂಭವಾದ ಆ ಹಳೆಯ ದಳಕ್ಕೇ, ಹಿರಿಯ ಪೈಲಟ್ ಆಗಿ ಬಂದರು. ಮನೆಯಲ್ಲಿ ಪತ್ನಿ ಸುಂದರಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು.

ಸರ್ಗೋಧಾದ ಆ ಬೆಳಗು

1965ರ ಸೆಪ್ಟೆಂಬರ್ 1ರಂದು ಛಾಂಬ್ ವಲಯದಲ್ಲಿ ಪಾಕಿಸ್ತಾನದ ದಾಳಿ ನಡೆಯಿತು. ಸೆಪ್ಟೆಂಬರ್ 6ರಂದು ಭಾರತೀಯ ಸೇನೆ ಲಾಹೋರ್ ದಿಕ್ಕಿಗೆ ಮುನ್ನಡೆಯಿತು. ಅಂದು ಸಂಜೆ ಪಾಕಿಸ್ತಾನಿ ವಿಮಾನಗಳು ಪಠಾಣ್‌ಕೋಟ್ ನೆಲೆಗೆ ಎರಗಿ, ನಿಂತಿದ್ದ ವಿಮಾನಗಳನ್ನು ಸುಟ್ಟುಹಾಕಿದವು. ಮರುದಿನ ಬೆಳಗಿನ ಜಾವ ಉತ್ತರ ಕೊಡುವ ಸರದಿ ಭಾರತದ್ದು. ಗುರಿ ಸರ್ಗೋಧಾ, ಪಾಕಿಸ್ತಾನ ವಾಯುದಳದ ಅತಿ ಮುಖ್ಯ ನೆಲೆ.

ಆದಂಪುರದಿಂದ ಸರ್ಗೋಧಾಕ್ಕೆ ನೇರ ದಾರಿಯಲ್ಲಿ ಸುಮಾರು 300 ಕಿಲೋಮೀಟರು. ತಿಪಟೂರಿನಿಂದ ಬೆಂಗಳೂರಿಗೆ ಹೋಗಿ ಮರಳುವಷ್ಟು ದೂರವನ್ನು ಹೋಗುವಾಗಲೇ ಕ್ರಮಿಸಬೇಕು. ಬಳಿಕ ಅಷ್ಟೇ ದೂರ ಹಿಂದಕ್ಕೆ. ಹೊತ್ತೊಯ್ದ ಇಂಧನ ಇದಕ್ಕೆ ಸಾಲುವುದೇ ಕಷ್ಟ. ಮೇಲೆ ಹಾರಿದರೆ ಇಂಧನ ಉಳಿಯುತ್ತದೆ, ಆದರೆ ರೇಡಾರ್ ಕಣ್ಣಿಗೆ ಬೀಳುತ್ತದೆ. ರೇಡಾರ್ ಅಲೆ ನೇರವಾಗಿ ಸಾಗುತ್ತದೆ. ಭೂಮಿ ದುಂಡಗಿರುವುದರಿಂದ ನೆಲಕ್ಕೆ ಅಂಟಿಕೊಂಡಂತೆ ಹಾರುವ ವಿಮಾನ ದೂರದಿಂದ ಅದಕ್ಕೆ ಕಾಣದು. ಹಾಗಾಗಿ ತೆಂಗಿನ ಮರಗಳನ್ನು ಒಂದರ ಮೇಲೊಂದು ಎರಡು ಮೂರು ನಿಲ್ಲಿಸಿದಷ್ಟೇ ಎತ್ತರದಲ್ಲಿ, ಕತ್ತಲು ಸರಿಯುವ ಮುನ್ನ, ರೇಡಿಯೋದಲ್ಲಿ ಮಾತಿಲ್ಲದೆ ಹೋಗಬೇಕು. ಅಷ್ಟು ಕೆಳಗೆ ಹಾರಿದರೆ ಇಂಧನ ಬೇಗ ಖಾಲಿ. ದಾರಿಯಲ್ಲಿ ಶತ್ರು ಎದುರಾದರೂ ಕಾದಾಡುತ್ತ ನಿಲ್ಲುವ ಹಾಗಿರಲಿಲ್ಲ. ನಿಂತವನಿಗೆ ಮನೆ ತಲುಪುವಷ್ಟು ಇಂಧನ ಉಳಿಯುತ್ತಿರಲಿಲ್ಲ.

ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರ ಮುಂದಾಳತ್ವದಲ್ಲಿ 12 ಮಿಸ್ತೇರ್ ವಿಮಾನಗಳು ಹೋಗಬೇಕೆಂದು ತೀರ್ಮಾನವಾಯಿತು. ಯಾವುದಾದರೂ ವಿಮಾನ ಕೈಕೊಟ್ಟರೆ ಜಾಗ ತುಂಬಲು ಮೀಸಲಿನವರೂ ಸಿದ್ಧರಿದ್ದರು. ದೇವಯ್ಯನವರು ಆ ಮೀಸಲಿನವರಲ್ಲಿ ಒಬ್ಬರು. ಎಲ್ಲ ಸರಿಯಿದ್ದರೆ ಅವರು ಹೋಗಬೇಕಾಗಿಯೇ ಇರಲಿಲ್ಲ. ಆದರೆ ಅವರು ಹೋದರು.

ಮಿಸ್ತೇರ್ ಫ್ರಾನ್ಸಿನ ದಸೋ ಕಂಪನಿಯ ವಿಮಾನ. 1957ರಿಂದ ಭಾರತಕ್ಕೆ ಬಂದದ್ದು. ನೇರ ಹಾರಾಟದಲ್ಲಿ ಶಬ್ದದ ವೇಗವನ್ನು ಮುಟ್ಟದು. ಪಾಕಿಸ್ತಾನಕ್ಕೆ ಅಮೆರಿಕ ಕೊಟ್ಟಿದ್ದ ಸ್ಟಾರ್‌ಫೈಟರ್ ಶಬ್ದದ ವೇಗಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದ್ದು. ಈಟಿಯಂತಹ ಮೂತಿ, ಇತ್ತಿಂದತ್ತ ಅಳೆದರೂ 22 ಅಡಿ ತುಂಬದ ಮೊಂಡು ರೆಕ್ಕೆ. ಮಿಸ್ತೇರ್‌ನ ರೆಕ್ಕೆ 36 ಅಡಿಗೂ ಮಿಗಿಲು. ಈ ಅಳತೆಗಳಲ್ಲಿ ಅಂದಿನ ಕಾಳಗದ ಗುಟ್ಟು ಅಡಗಿದೆ. ಮೊಂಡು ರೆಕ್ಕೆಯ ವಿಮಾನ ನೇರ ಓಟದಲ್ಲಿ ಗೆಲ್ಲುತ್ತದೆ. ಆದರೆ ಚಿಕ್ಕ ಸುತ್ತಿನಲ್ಲಿ ತಿರುಗಲು ಬಾರದು. ಅದನ್ನು ನಡೆಸುವವನು ಬಂದು, ಹೊಡೆದು, ಓಡಬೇಕು. ವೇಗ ತಗ್ಗಿಸಿ, ತಿರುಗುವ ಆಟಕ್ಕೆ ಇಳಿದರೆ ತನ್ನ ಬಲವನ್ನು ತಾನೇ ಕೈಬಿಟ್ಟಂತೆ.

ದಾಳಿ ಮುಗಿಸಿ ಭಾರತದ ವಿಮಾನಗಳು ಗಡಿಯತ್ತ ಹಿಂದಿರುಗಿದವು. ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಸ್ಟಾರ್‌ಫೈಟರ್‌ನಲ್ಲಿ ಬೆನ್ನಟ್ಟಿ ಬಂದರು. ಅವರಿಗೆ ಸಿಕ್ಕಿದ್ದು ದೇವಯ್ಯನವರ ಮಿಸ್ತೇರ್. ಗುಂಡು ತಗುಲಿತು. ಇನ್ನು ಇದರ ಕಥೆ ಮುಗಿಯಿತೆಂದು ಅಮ್ಜದ್ ಬಗೆದರು. ಮುಗಿದಿರಲಿಲ್ಲ. ಪೆಟ್ಟು ತಿಂದ ವಿಮಾನವನ್ನು ದೇವಯ್ಯ ಬೆನ್ನಟ್ಟಿದವನತ್ತಲೇ ತಿರುಗಿಸಿದರು. ನೆಲಕ್ಕೆ ಸಮೀಪದಲ್ಲಿ ಎರಡು ವಿಮಾನಗಳೂ ಒಂದನ್ನೊಂದು ಸುತ್ತಿದವು. ವೇಗದ ವಿಮಾನ ನಿಧಾನದ ವಿಮಾನದ ಆಟಕ್ಕೆ ಬಂದಿತು. ಮಿಸ್ತೇರ್‌ನ 30 ಮಿಲಿಮೀಟರ್ ಫಿರಂಗಿಯ ಗುಂಡುಗಳು ಸ್ಟಾರ್‌ಫೈಟರ್‌ಗೆ ಬಡಿದವು. ಅಮ್ಜದ್ ಆಸನಸಮೇತ ಹೊರಚಿಮ್ಮಿ, ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯನವರು ಹಿಂದಿರುಗಲಿಲ್ಲ.

ಬಾರದ ಸುದ್ದಿ

ಆದಂಪುರದಲ್ಲಿ ಉಳಿದವರು ಇಳಿದರು. ದೇವಯ್ಯನವರ ವಿಮಾನದ ಜಾಗ ಬರಿದಾಗಿತ್ತು. ಜೊತೆಗೆ ಹೋದವರಲ್ಲಿ ಯಾರೂ ಆ ಕಾಳಗವನ್ನು ಕಂಡಿರಲಿಲ್ಲ. ಇಂಧನ ತೀರುವ ಮುನ್ನ ಗಡಿ ದಾಟುವ ಆತುರ ಎಲ್ಲರಿಗೂ. ಯುದ್ಧವಿಮಾನದಲ್ಲಿ ಗುಂಡು ಹಾರಿದೊಡನೆ ಚಿತ್ರ ತೆಗೆಯುವ ಕ್ಯಾಮೆರಾ ಇರುತ್ತದೆ. ಯಾರು ಯಾರನ್ನು ಹೊಡೆದರೆಂಬುದಕ್ಕೆ ಅದೇ ದೊಡ್ಡ ಪುರಾವೆ. ಆದರೆ ಮನೆಗೆ ಮರಳಿದ ವಿಮಾನದ ಚಿತ್ರಸುರುಳಿಯನ್ನಷ್ಟೇ ತೊಳೆದು ನೋಡಲು ಸಾಧ್ಯ. ಇಂಧನ ಮುಗಿಯಿತೇ, ನೆಲಕ್ಕೆ ಅಪ್ಪಳಿಸಿತೇ, ನೆಲದ ತೋಪುಗಳ ಏಟು ಬಿತ್ತೇ ಎಂದು ಊಹಿಸುವುದಷ್ಟೇ ಉಳಿಯಿತು. ದಾಖಲೆಯಲ್ಲಿ ಬಿದ್ದ ಮಾತು ಒಂದೇ: ನಾಪತ್ತೆ.

ನಾಪತ್ತೆ ಎಂಬ ಮಾತು ಮನೆಯವರ ಪಾಲಿಗೆ ಸಾವಿಗಿಂತ ಕ್ರೂರ. ಸಾವಿಗೆ ತಿಥಿಯಿದೆ, ಕರ್ಮವಿದೆ, ಅಳುವುದಕ್ಕೊಂದು ದಿನವಿದೆ. ನಾಪತ್ತೆಗೆ ಅದೊಂದೂ ಇಲ್ಲ. ಬಾಗಿಲು ಸದ್ದಾದಾಗಲೆಲ್ಲ ಆಸೆ ಏಳುತ್ತದೆ.

ಅದೇ ಯುದ್ಧದಲ್ಲಿ ಕೊಡಗಿನ ಇನ್ನೊಂದು ಮನೆಗೂ ಇಂಥ ಸುದ್ದಿ ಬಂದಿತ್ತು. ಜನರಲ್ ಕಾರ್ಯಪ್ಪನವರ ಮಗ, ಹಂಟರ್ ವಿಮಾನದ ಪೈಲಟ್ ಕೆ.ಸಿ. ಕಾರ್ಯಪ್ಪ, ಕದನವಿರಾಮದ ಹಿಂದಿನ ದಿನ ಪಾಕಿಸ್ತಾನದಲ್ಲಿ ಬಿದ್ದು ಸೆರೆಯಾಳಾದರು. ಒಂದು ಕಾಲದಲ್ಲಿ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಆ ಹುಡುಗನನ್ನು ಬಿಟ್ಟುಕಳಿಸಲು ಮುಂದಾದಾಗ, ಸೆರೆಯಲ್ಲಿರುವ ಯೋಧರೆಲ್ಲ ತನ್ನ ಮಕ್ಕಳೇ, ಅವನೊಬ್ಬನಿಗೆ ಬೇರೆ ಉಪಚಾರ ಬೇಡವೆಂದು ತಂದೆ ತಿಳಿಸಿದ ಸಂಗತಿ ಕನ್ನಡ ನಾಡಿಗೆ ಗೊತ್ತಿರುವುದೇ. 1966ರ ಜನವರಿಯಲ್ಲಿ ಸೆರೆಯಾಳುಗಳು ಮರಳಿದಾಗ ಕಾರ್ಯಪ್ಪನವರ ಮಗ ಮನೆಗೆ ಬಂದರು. ದೇವಯ್ಯನವರು ಆ ಗುಂಪಿನಲ್ಲಿರಲಿಲ್ಲ.

ಇತ್ತ ಪಾಕಿಸ್ತಾನದಲ್ಲಿ ಮಾತು ಬೇರೆಯಾಗಿತ್ತು. ತಮ್ಮ ಸ್ಟಾರ್‌ಫೈಟರ್ ಮಿಸ್ತೇರನ್ನು ಕೆಡವಿದಾಗ ಸಿಡಿದ ಚೂರುಗಳಿಗೆ ತಾಗಿ ಬಿದ್ದಿತೆಂದು ಅಲ್ಲಿ ಹೇಳಲಾಯಿತು. ಅಮ್ಜದ್ ಹುಸೇನ್‌ಗೆ ಶೌರ್ಯ ಪ್ರಶಸ್ತಿ ದೊರೆಯಿತು. 1971ರ ಯುದ್ಧದಲ್ಲಿ ಅವರ ವಿಮಾನ ಅಮೃತಸರದ ಬಳಿ ಬಿದ್ದು, ಅವರು ಭಾರತದ ಸೆರೆಯಾಳಾದರು. ದೇವಯ್ಯನವರ ಕೊನೆಯ ಗಳಿಗೆಯನ್ನು ಕಂಡ ಏಕೈಕ ಪೈಲಟ್ ಭಾರತದ ನೆಲದಲ್ಲೇ ಇದ್ದು ಹೋದರು. ಆ ವಿಷಯ ಹೊರಗೆ ಬರಲಿಲ್ಲ.

ಶತ್ರುವಿನ ಸಾಕ್ಷಿ

ಸತ್ಯ ಹೊರಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಬರಹಗಾರರು ಪಾಕಿಸ್ತಾನ ವಾಯುದಳದ ನೆರವಿನಿಂದ, ಅಲ್ಲಿಯ ಪೈಲಟ್‌ಗಳ ಮಾತುಗಳನ್ನು ಆಧರಿಸಿ 1965ರ ಯುದ್ಧದ ಇತಿಹಾಸ ಬರೆದರು. ಆ ಪುಸ್ತಕ 1979ರಲ್ಲಿ ಹೊರಬಂದಿತು. ಬರೆದದ್ದು ಪಾಕಿಸ್ತಾನದ ಹಿರಿಮೆಯನ್ನು ಸಾರುವುದಕ್ಕೆ. ಆದರೆ ಅದರ ಒಂದೆಡೆ, ಪೆಟ್ಟು ತಿಂದ ಮಿಸ್ತೇರ್ ಮತ್ತೆ ತಿರುಗಿ ಬಿದ್ದು ಸ್ಟಾರ್‌ಫೈಟರನ್ನು ಹೊಡೆದುರುಳಿಸಿದ ಪ್ರಸಂಗವಿತ್ತು. ಮಿಸ್ತೇರ್ ಪೈಲಟ್‌ನ ಹೆಸರು ಅವರಿಗೆ ತಿಳಿದಿರಲಿಲ್ಲ.

ಹೆಸರು ತಿಳಿದವರು ಭಾರತದಲ್ಲಿದ್ದರು. ಅಂದಿನ ದಾಳಿಯಲ್ಲಿ ಮರಳಿ ಬಾರದ ಮಿಸ್ತೇರ್ ಇದ್ದದ್ದು ಒಂದೇ. ದಳಪತಿಯಾಗಿದ್ದ ತನೇಜಾ ಅವರು ಆ ವೇಳೆಗೆ ನಿವೃತ್ತರು. ವಾಯುದಳದ ಇತಿಹಾಸ ಬರೆಯುತ್ತಿದ್ದ ಅಧಿಕಾರಿಯೂ ತನೇಜಾ ಅವರೂ ಈ ಎರಡು ತುಂಡುಗಳನ್ನು ಜೋಡಿಸಿದರು. ಬರೆದರು, ಕೇಳಿದರು, ನೆನಪಿಸಿದರು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಪ್ರಕಟವಾಯಿತು. ಶತ್ರುವಿನೆದುರು ತೋರಿದ ಶೌರ್ಯಕ್ಕೆ ಪರಮವೀರ ಚಕ್ರದ ನಂತರದ ಗೌರವ ಅದು. ಪದಕವನ್ನು ಪಡೆದವರು ಸುಂದರಿ ದೇವಯ್ಯ. ಅಷ್ಟರಲ್ಲಿ ಪುಟ್ಟ ಹೆಣ್ಣುಮಕ್ಕಳು ದೊಡ್ಡವರಾಗಿದ್ದರು.

ಮುಂದೆ ಪಾಕಿಸ್ತಾನ ವಾಯುದಳದ ನಿವೃತ್ತ ಅಧಿಕಾರಿ ಕೈಸರ್ ತುಫೈಲ್ ತಮ್ಮ ಬರವಣಿಗೆಯಲ್ಲಿ ಇನ್ನೊಂದು ವಿವರ ಸೇರಿಸಿದರು. ಬಿದ್ದ ಪೈಲಟ್‌ನ ದೇಹವನ್ನು ಅಲ್ಲಿನ ಹಳ್ಳಿಗರೇ ಹೊಲದ ಬಳಿ ಮಣ್ಣು ಮಾಡಿದ್ದರು. ಯುದ್ಧದ ನಡುವೆ, ಪರದೇಶದ ಪೈಲಟ್‌ಗೆ, ರೈತರು ಮಾಡಿದ ಕೊನೆಯ ಉಪಚಾರ ಅದು.

ಈ ಸೀಮೆಯವರಿಗೆ ಕಾಯುವುದೆಂದರೇನೆಂದು ಗೊತ್ತು. ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಲ್ಲಾಡಿಸಿದಾಗ ಒಳಗೆ ಸದ್ದಾದರೆ ಹದ ಬಂದಿತೆಂದು ಅರ್ಥ. ಆದರೆ ಯಾರಾದರೂ ಅಟ್ಟ ಹತ್ತಿ ಅಲ್ಲಾಡಿಸಿ ನೋಡಬೇಕಲ್ಲ. ದೇವಯ್ಯನವರ ವಿಷಯದಲ್ಲಿ ಪುಸ್ತಕ ಹೊರಬಂದ ಮೇಲೂ ಒಂಬತ್ತು ವರ್ಷ ಹಿಡಿಯಿತು.

'ಯಾರೆಂದು ತಿಳಿಯದು'

ಗೌರವ ತಡವಾಗುವುದಕ್ಕೆ ಸಾಕ್ಷಿಯ ಕೊರತೆಯೊಂದೇ ಕಾರಣವಲ್ಲ. ಕೆಲವೆಡೆ ಸಾಕ್ಷಿ ಕಣ್ಣೆದುರೇ ಇದ್ದರೂ ಬರೆಯುವ ಮನಸ್ಸಿರುವುದಿಲ್ಲ. ಅಮೆರಿಕದ ಕಪ್ಪು ಜನಾಂಗದ ಪೈಲಟ್‌ಗಳ ಕಥೆ ಅಂಥದು.

ಕಪ್ಪು ಜನರಿಗೆ ಯುದ್ಧದ ಹೊಣೆ ಹೊರುವ ಬುದ್ಧಿಯಾಗಲಿ ಧೈರ್ಯವಾಗಲಿ ಇಲ್ಲವೆಂದು ಅಮೆರಿಕದ ಸೇನಾ ಕಾಲೇಜಿನ 1925ರ ವರದಿಯೊಂದು ಬರೆದಿತ್ತು. ಒತ್ತಡಕ್ಕೆ ಮಣಿದು 1941ರಲ್ಲಿ ಅಲಬಾಮಾದ ಟಸ್ಕೀಗಿ ಎಂಬಲ್ಲಿ ಅವರಿಗಾಗಿಯೇ ಬೇರೆ ತರಬೇತಿ ಕೇಂದ್ರ ತೆರೆಯಲಾಯಿತು. ಮೊದಲ ತಂಡದಲ್ಲಿ ತೇರ್ಗಡೆಯಾದ ಬೆಂಜಮಿನ್ ಡೇವಿಸ್ ಎಂಬಾತ ಸೇನಾ ಅಕಾಡೆಮಿಯಲ್ಲಿ ಓದುತ್ತಿದ್ದ ನಾಲ್ಕು ವರ್ಷವೂ ಸಹಪಾಠಿಗಳು ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿಸಿರಲಿಲ್ಲ. ಬಹಿಷ್ಕಾರ ಎಂಬುದರ ಅರ್ಥ ನಮ್ಮ ಹಳ್ಳಿಗಳಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಆತನ ನಾಯಕತ್ವದಲ್ಲಿ 332ನೇ ಫೈಟರ್ ದಳ ಇಟಲಿಯ ನೆಲೆಗಳಿಂದ ಹಾರಿ ಬಾಂಬರ್ ವಿಮಾನಗಳಿಗೆ ಬೆಂಗಾವಲಾಯಿತು.

1949ರ ಮೇ ತಿಂಗಳಲ್ಲಿ ಲಾಸ್ ವೇಗಾಸ್‌ನಲ್ಲಿ ಅಮೆರಿಕದ ವಾಯುದಳ ಗುರಿಹೊಡೆಯುವ ಸ್ಪರ್ಧೆ ನಡೆಸಿತು. ಪ್ರೊಪೆಲರ್ ವಿಮಾನಗಳ ವಿಭಾಗದಲ್ಲಿ ಗೆದ್ದದ್ದು ಈ 332ನೇ ದಳದ ತಂಡ. ಇಲ್ಲಿ ಕತ್ತಲಿರಲಿಲ್ಲ, ಶತ್ರುದೇಶವಿರಲಿಲ್ಲ. ಅಂಕ ಬರೆದವರಿದ್ದರು, ಟ್ರೋಫಿಯ ಜೊತೆ ಚಿತ್ರ ತೆಗೆದವರಿದ್ದರು. ಆದರೂ ವರ್ಷಾವರ್ಷ ಅಚ್ಚಾಗುತ್ತಿದ್ದ ವಿಜೇತರ ಪಟ್ಟಿಯಲ್ಲಿ 1949ರ ಎದುರಿಗೆ ವಿಜೇತರು ಯಾರೆಂದು ತಿಳಿಯದು ಎಂದೇ ಬರೆದಿತ್ತು. 1990ರ ದಶಕದ ನಡುವಿನವರೆಗೂ ಅದನ್ನು ಯಾರೂ ತಿದ್ದಲಿಲ್ಲ. ಕಾಣೆಯಾಗಿದ್ದ ಟ್ರೋಫಿ 2004ರಲ್ಲಿ ವಸ್ತುಸಂಗ್ರಹಾಲಯವೊಂದರ ಉಗ್ರಾಣದಲ್ಲಿ ಸಿಕ್ಕಿತು. ಗೆಲುವಿನ ಫಲಕ ಅದೇ ನೆಲೆಯಲ್ಲಿ ಏರಿದ್ದು 2022ರಲ್ಲಿ.

ಬುಲ್ಲಾರ್ಡ್‌ನ ಕಥೆಯೂ ಹಾಗೆಯೇ ಮುಗಿಯಿತು. ಕೊನೆಗಾಲದಲ್ಲಿ ಆತ ನ್ಯೂಯಾರ್ಕಿನ ದೊಡ್ಡ ಕಟ್ಟಡವೊಂದರ ಲಿಫ್ಟ್ ನಡೆಸುತ್ತಿದ್ದ. ಫ್ರಾನ್ಸ್ 1959ರಲ್ಲಿ ತನ್ನ ಅತ್ಯುನ್ನತ ಗೌರವಶ್ರೇಣಿಗೆ ಅವನನ್ನು ಸೇರಿಸಿತು. 1961ರಲ್ಲಿ ಆತ ತೀರಿಕೊಂಡ. ಅಮೆರಿಕದ ವಾಯುದಳ ಅವನಿಗೆ ಸೆಕೆಂಡ್ ಲೆಫ್ಟಿನೆಂಟ್ ಪದವಿ ಕೊಟ್ಟದ್ದು 1994ರಲ್ಲಿ. ಸತ್ತು 33 ವರ್ಷವಾದ ಮೇಲೆ.

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಟಸ್ಕೀಗಿಯ ಪೈಲಟ್‌ಗಳು ಬೆಂಗಾವಲಿಗೆ ನಿಂತಾಗ ಒಂದೇ ಒಂದು ಬಾಂಬರ್ ಕೂಡ ಶತ್ರುವಿಮಾನಗಳ ಪಾಲಾಗಲಿಲ್ಲವೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ವಾಯುದಳದ ಇತಿಹಾಸಕಾರರು ಕಡತಗಳನ್ನು ಜಾಲಾಡಿ ನೋಡಿದಾಗ 27 ಬಾಂಬರ್‌ಗಳು ಬಿದ್ದದ್ದು ಕಂಡುಬಂತು. ಅದೇ ವಾಯುಸೇನೆಯ ಇತರ ಬೆಂಗಾವಲು ದಳಗಳಲ್ಲಿ ಸರಾಸರಿ 46. ದಂತಕಥೆ ಬಿದ್ದುಹೋಯಿತು, ಆದರೆ ಅವರ ಹೆಸರು ಕೆಡಲಿಲ್ಲ. ಉತ್ಪ್ರೇಕ್ಷೆಗಿಂತ ನಿಜವಾದ ಲೆಕ್ಕ ಅವರನ್ನು ಹೆಚ್ಚು ಭದ್ರವಾಗಿ ನಿಲ್ಲಿಸಿತು. ವೀರರಿಗೆ ಬೇಕಾದದ್ದು ಭಜನೆಯಲ್ಲ, ಸರಿಯಾದ ದಾಖಲೆ.

ಉಳಿಸಬೇಕಾದದ್ದು

ದೇವಯ್ಯನವರ ಹೆಸರಿನ ವೃತ್ತ ಇಂದು ಮಡಿಕೇರಿಯಲ್ಲಿದೆ. ಅಲ್ಲಿ ಅವರ ಪ್ರತಿಮೆಯೂ ಇದೆ. 2025ರ ಜನವರಿಯಲ್ಲಿ ಅವರ ಕಥೆಯಿಂದ ಪ್ರೇರಿತವಾದ 'ಸ್ಕೈ ಫೋರ್ಸ್' ಎಂಬ ಹಿಂದಿ ಚಿತ್ರ ತೆರೆಕಂಡಿತು. ಚಿತ್ರದ ಪಾತ್ರಕ್ಕೆ ಬೇರೆ ಹೆಸರು. ಕಥೆಯಲ್ಲೂ ಸಿನಿಮಾದ ಬದಲಾವಣೆಗಳು. ನೋಡಿದವರಲ್ಲಿ ಅನೇಕರಿಗೆ ಕೊಡಗಿನ ಆ ಒಕ್ಕದ ಹೆಸರು ತಿಳಿದಿರಲಾರದು. ಸಿನಿಮಾ ನೆನಪನ್ನು ಹರಡಬಲ್ಲದು. ವಿವರವನ್ನು ಕಾಯುವ ಕೆಲಸ ಬೇರೆಯವರದು.

ಆ ಕೆಲಸಕ್ಕೆ ದೊಡ್ಡ ಇತಿಹಾಸಕಾರರೇ ಆಗಬೇಕೆಂದಿಲ್ಲ. ನಮ್ಮ ಹಳ್ಳಿಗಳಿಂದಲೂ ಸೈನ್ಯಕ್ಕೆ ಹೋದವರಿದ್ದಾರೆ. ಹೋಗಿ ಬಂದು ತೋಟ ನೋಡಿಕೊಂಡಿರುವವರಿದ್ದಾರೆ, ಬಾರದವರೂ ಇದ್ದಾರೆ. ಅವರ ಬಿಡುಗಡೆ ಪತ್ರ, ಗಡಿಯಿಂದ ಬರೆದ ಕಾಗದ, ಸಮವಸ್ತ್ರದಲ್ಲಿ ತೆಗೆಸಿದ ಒಂದೇ ಒಂದು ಫೋಟೋ ಎಷ್ಟೋ ಮನೆಗಳ ತಗಡಿನ ಪೆಟ್ಟಿಗೆಯಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ. ಶಾಲೆಯ ಮಕ್ಕಳು ಒಂದು ನೋಟುಪುಸ್ತಕ ಹಿಡಿದು ಹೋಗಿ, ಯಾವ ದಳ, ಯಾವ ವರ್ಷ, ಎಲ್ಲಿ ಇದ್ದಿರಿ, ಏನು ಕಂಡಿರಿ ಎಂದು ಕೇಳಿ ಬರೆದಿಟ್ಟರೆ ಅದೇ ಈ ಕಾಲದ ವೀರಗಲ್ಲು. ಬರೆಯುವಾಗ ಕೂಡಿಸಬಾರದು, ಕಳೆಯಬಾರದು. ಗೆದ್ದದ್ದರ ಜೊತೆಗೆ ಸೋತದ್ದನ್ನೂ, ಹೆದರಿದ್ದನ್ನೂ ಬರೆದಿಡಬೇಕು.

ದೇವಯ್ಯನವರ ಪಾಲಿಗೆ ಒಬ್ಬ ಪರದೇಶದ ಬರಹಗಾರ, ಒಬ್ಬ ಶತ್ರು ಪೈಲಟ್, ಒಬ್ಬ ಮರೆಯದ ದಳಪತಿ ಇದ್ದರು. ಮೂವರಲ್ಲಿ ಒಬ್ಬರು ಇರದಿದ್ದರೂ ಆ ಹೆಸರಿನ ಮುಂದೆ ನಾಪತ್ತೆ ಎಂಬ ಮಾತೇ ಉಳಿದಿರುತ್ತಿತ್ತು. ಎಲ್ಲರಿಗೂ ಅಂಥ ಮೂವರು ಸಿಗುವುದಿಲ್ಲ. ಸಿಗದವರಿಗೆ ಅವರ ಊರೇ ಆಗಬೇಕು.